ಕೈ ಉಪಕರಣಗಳಿಂದಲೇ ಮರಗೆಲಸ ಮಾಡುವವರ ಬಳಗ ಸೇರುವ ಮೊದಲು ಏನೇನು ಸಿದ್ಧತೆ ಬೇಕು?

ಹೊನ್ನೆಮರ (ಮೈಸೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಲೆಕ್ಕಪತ್ರ ನೋಡುವವನು, ಮರಗೆಲಸ ನನ್ನ ಹವ್ಯಾಸ. ಕಾಲುಮಣೆ, ಪುಸ್ತಕಗಳಿಗೊಂದು ಗೋಡೆಹಲಗೆ, ದೇವರ ಮನೆಗೊಂದು ಪೀಠ, ಇಂಥವನ್ನು ಮೊಳೆ ಮತ್ತು ಸ್ಕ್ರೂಗಳ ನೆರವಿನಿಂದ ಮಾಡಿದ್ದೇನೆ. ವಿದ್ಯುತ್ ಯಂತ್ರಗಳನ್ನು ನೆಚ್ಚದೆ ಗರಗಸ, ಉಳಿ, ಮರದ ಮೈ ಹೆರೆದು ಸಮ ಮಾಡುವ ಕೀಸುಳಿ, ಇವುಗಳಿಂದಲೇ ಕೆಲಸ ಮಾಡುವ ಹವ್ಯಾಸಿಗಳ ಸಣ್ಣ ಬಳಗವೊಂದು ನಮ್ಮ ಊರಿನಲ್ಲಿದೆಯೆಂದೂ, ತಿಂಗಳಿಗೊಂದು ಭಾನುವಾರ ಅವರು ಒಬ್ಬರ ಮನೆಯ ಹಿತ್ತಲ ಶೆಡ್ಡಿನಲ್ಲಿ ಸೇರುತ್ತಾರೆಂದೂ ಈಚೆಗೆ ಗೆಳೆಯರೊಬ್ಬರಿಂದ ತಿಳಿಯಿತು. ಮೊಳೆಯಿಲ್ಲದೆ ಎರಡು ಮರದ ತುಂಡುಗಳನ್ನು ಬಿಗಿಯಾಗಿ ಜೋಡಿಸುವ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇರುವುದರಿಂದ ಆ ಬಳಗವನ್ನು ಸೇರಬೇಕೆಂದಿದ್ದೇನೆ.

ಆದರೆ ಕೆಲವು ಅನುಮಾನಗಳಿವೆ. ನನ್ನಲ್ಲಿರುವುದು ಅಂಗಡಿಯಿಂದ ತಂದ ಎರಡು ಉಳಿ, ಒಂದು ಗರಗಸ ಮತ್ತು ಒಂದು ಸುತ್ತಿಗೆ ಮಾತ್ರ; ಇಷ್ಟನ್ನೇ ಹಿಡಿದು ಅನುಭವಿಗಳ ನಡುವೆ ಹೋಗುವುದು ಸರಿಯೇ, ಅಥವಾ ಮೊದಲು ಒಳ್ಳೆಯ ಉಪಕರಣಗಳನ್ನು ಕೊಂಡುಕೊಳ್ಳಬೇಕೇ? ನನ್ನ ಬಳಿ ಒಂದು ಡ್ರಿಲ್ ಯಂತ್ರವೂ ಇದೆ. ಕೈ ಉಪಕರಣಗಳ ಬಳಗದಲ್ಲಿ ಅದಕ್ಕೆ ಆಕ್ಷೇಪವಿರುತ್ತದೆಯೇ? ನಾವಿರುವುದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ, ಬಳಗದಲ್ಲಿ ಕಲಿತದ್ದನ್ನು ಅಲ್ಲಿಯೇ ಅಭ್ಯಾಸ ಮಾಡುವುದು ಸಾಧ್ಯವೇ? ಕಲಿಯುವವನಿಗೆ ಯಾವ ಮರ ತಕ್ಕದ್ದು ಎಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಸಾಣೆಕಲ್ಲು (ಬೆಂಗಳೂರು) ಅವರ ಉತ್ತರ:

ಹೊನ್ನೆಮರ ಅವರೇ, ಖಂಡಿತವಾಗಿ ಹೋಗಿ, ಮತ್ತು ಹೋಗುವ ಮೊದಲು ಏನನ್ನೂ ಕೊಳ್ಳಬೇಡಿ. ಇಂಥ ಬಳಗವೊಂದರಲ್ಲಿ ಹಲವು ವರ್ಷಗಳಿಂದ ಇರುವವನಾಗಿ ಹೇಳುತ್ತೇನೆ: ಹೊಸಬರು ಹೊಳೆಯುವ ಉಪಕರಣಗಳ ಪೆಟ್ಟಿಗೆಯೊಂದಿಗೆ ಬರಬೇಕೆಂದು ಯಾರೂ ಬಯಸುವುದಿಲ್ಲ. ನಿಮ್ಮ ಎರಡು ಉಳಿಗಳನ್ನೇ ತೆಗೆದುಕೊಂಡು ಹೋಗಿ, ಅವಕ್ಕೆ ಸಾಣೆ ಹಿಡಿಯುವುದನ್ನು ಕಲಿಸಿಕೊಡಿ ಎಂದು ಮೊದಲ ದಿನವೇ ಕೇಳಿ. ನನ್ನ ದೃಷ್ಟಿಯಲ್ಲಿ ಬಳಗ ಸೇರುವುದರಿಂದ ಸಿಗುವ ಅತಿ ದೊಡ್ಡ ಲಾಭ ಇದೊಂದೇ. ಉಳಿದದ್ದನ್ನು ಪುಸ್ತಕ ನೋಡಿ, ವಿಡಿಯೋ ನೋಡಿ ಹೇಗಾದರೂ ಕಲಿಯಬಹುದು. ಆದರೆ ಹರಿತವೆಂದರೆ ಎಷ್ಟು ಹರಿತ ಎಂಬುದು ಇನ್ನೊಬ್ಬರು ಹದಗೊಳಿಸಿದ ಉಳಿಯನ್ನು ನಾವೇ ಹಿಡಿದು ಮರದ ಮೇಲೆ ನಡೆಸಿದಾಗ ಮಾತ್ರ ಗೊತ್ತಾಗುತ್ತದೆ.

ಅಂಗಡಿಯಿಂದ ಬಂದ ಹೊಸ ಉಳಿ ಸಾಮಾನ್ಯವಾಗಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಅದರ ಚಪ್ಪಟೆ ಬೆನ್ನಿನ ಮೇಲೆ ಕಾರ್ಖಾನೆಯ ಯಂತ್ರದ ಗೀರುಗಳು ಇರುತ್ತವೆ, ಬೆನ್ನು ಪೂರ್ತಿ ಸಮತಟ್ಟಾಗಿಯೂ ಇರುವುದಿಲ್ಲ. ಬಾಯಿಯ ಅಂಚಿಗೆ ತಾಗಿದ ಒಂದೆರಡು ಅಂಗುಲದಷ್ಟು ಬೆನ್ನನ್ನು ಮೊದಲು ಕಲ್ಲಿನ ಮೇಲೆ ಉಜ್ಜಿ ಸಮ ಮಾಡಬೇಕು. ಇದು ಆ ಉಳಿಯ ಆಯುಷ್ಯದಲ್ಲಿ ಒಮ್ಮೆ ಮಾಡುವ ಕೆಲಸ. ಅನಂತರ ಇಳಿಜಾರು ಮುಖವನ್ನು ಸುಮಾರು 25 ಡಿಗ್ರಿಗೆ ತಂದು, ತುದಿಯಲ್ಲಿ ಮಾತ್ರ 30 ಡಿಗ್ರಿಯಷ್ಟು ಎತ್ತಿ ಹಿಡಿದು ನಯವಾದ ಕಲ್ಲಿನ ಮೇಲೆ ಮುಗಿಸಬೇಕು. ಹೀಗೆ ಉಜ್ಜುವಾಗ ಬೆನ್ನಿನ ಕಡೆಗೆ ಲೋಹದ ತೆಳುವಾದ ಮಡಿಕೆಯೊಂದು ಎದ್ದು ಬೆರಳಿಗೆ ತಾಗುತ್ತದೆ. ಅದು ಅಂಚಿನ ಉದ್ದಕ್ಕೂ ಎದ್ದಿದ್ದರೆ ಮಾತ್ರ ಆ ಕಲ್ಲಿನ ಕೆಲಸ ಮುಗಿದಂತೆ. ಎರಡು ಮುಖದ ಕಾರ್ಬೊರಂಡಮ್ ಕಲ್ಲು, ಅದಕ್ಕಿಂತ ನಯವಾದ ಇನ್ನೊಂದು ಕಲ್ಲು, ಕೊನೆಗೆ ಹಲಗೆಗೆ ಅಂಟಿಸಿದ ಒಂದು ತುಂಡು ಚರ್ಮ, ಇಷ್ಟಿದ್ದರೆ ಸಾಕು. ಪರೀಕ್ಷೆಗೆ ಮೆತ್ತನೆಯ ಮರದ ಅಡ್ಡತುದಿಯನ್ನು, ಅಂದರೆ ಎಳೆಗಳು ಅಡ್ಡಲಾಗಿ ತುಂಡಾಗಿ ಕಾಣುವ ಕೊನೆಯ ಮುಖವನ್ನು, ಹೆರೆದು ನೋಡಿ: ಎಳೆಗಳು ಹಿಂಜಿ ಬಿಳಿಚಿಕೊಳ್ಳದೆ ಹೊಳಪಾಗಿ ತುಂಡಾದರೆ ಉಳಿ ಹದಕ್ಕೆ ಬಂದಿದೆ ಎಂದು ತಿಳಿಯಬಹುದು.

ಮುಂದೆ ಕೊಳ್ಳುವಾಗ ಕಾಲು, ಅರ್ಧ ಮತ್ತು ಮುಕ್ಕಾಲು ಇಂಚಿನ ಉಳಿಗಳು, ಒಂದು ಮೂಲೆಮಟ್ಟ, ಗುರುತು ಗೀರಲು ಒಂದು ಚೂಪು ಚಾಕು, ಮರದ ಕೊಡತಿ ಮತ್ತು ಒಂದು ಕೀಸುಳಿ, ಅಂದರೆ ನಮ್ಮ ಬಡಗಿಗಳು ತೋಪಡ ಎನ್ನುವ ಉಪಕರಣ, ಇವುಗಳಿಂದ ಪ್ರಾರಂಭಿಸಿ. ಇಂದು ಅಂಗಡಿಗಳಲ್ಲಿ ಸಿಗುವ ಕಬ್ಬಿಣದ ಕೀಸುಳಿಗಳಲ್ಲಿ ಹೆಚ್ಚಿನವು ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ ಮಾದರಿಯವು. 1869ರಲ್ಲಿ ಅವರ ಉದ್ಯಮವನ್ನು ಸ್ಟ್ಯಾನ್ಲಿ ಸಂಸ್ಥೆ ಕೊಂಡುಕೊಂಡ ಮೇಲೆ ನೆಲೆಗೊಂಡ, ಕೀಸುಳಿಯ ಗಾತ್ರವನ್ನು ಸೂಚಿಸುವ ಸಂಖ್ಯೆಗಳೇ ಈಗಲೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಮೊದಲ ಕೀಸುಳಿಯಾಗಿ 4ನೆಯ ಅಥವಾ 5ನೆಯ ಸಂಖ್ಯೆಯದು ಸಾಕು. 5ನೆಯದು ಸುಮಾರು 14 ಇಂಚು ಉದ್ದವಿದ್ದು, ಹಲಗೆಯ ಏರುತಗ್ಗು ತೆಗೆಯಲು ಹೆಚ್ಚು ಅನುಕೂಲ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಹೊಸವು ಸಿಗುತ್ತವೆ. ಚಿಕ್ಕಪೇಟೆಯ ಕಡೆಯ ಸಂಡೇ ಬಜಾರಿನಲ್ಲಿ ಅದೃಷ್ಟವಿದ್ದರೆ ಹಳೆಯವು ಸಿಗುತ್ತವೆ. ಹಳೆಯದನ್ನು ಕೊಳ್ಳುವಾಗ ತುಕ್ಕಿಗೆ ಅಂಜಬೇಡಿ, ಅದನ್ನು ತೆಗೆಯಬಹುದು. ಬ್ಲೇಡು ಹೊರಬರುವ ಬಾಯಿಯ ಬಳಿ ಬಿರುಕಿದೆಯೇ ಎಂಬುದನ್ನು ಮಾತ್ರ ಚೆನ್ನಾಗಿ ನೋಡಿ. ಗರಗಸದ ವಿಷಯದಲ್ಲಿ ಇನ್ನೊಂದು ಮಾತು. ಹಲ್ಲಿನ ತುದಿಗಳು ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅವನ್ನು ಕಾಯಿಸಿ ಗಡುಸು ಮಾಡಿದ್ದಾರೆಂದು ಅರ್ಥ, ಅವುಗಳಿಗೆ ಅರ (ಫೈಲ್) ಹಾಕಿ ಮತ್ತೆ ಹರಿತ ಮಾಡಲಾಗುವುದಿಲ್ಲ. ದೀರ್ಘಕಾಲ ಬಾಳಬೇಕಾದರೆ ತ್ರಿಕೋನದ ಅರದಿಂದ ಹದ ಮಾಡಬಹುದಾದ ಗರಗಸವೇ ಬೇಕು.

ಡ್ರಿಲ್ ಯಂತ್ರದ ಬಗ್ಗೆ ಸಂಕೋಚ ಬೇಡ. ನಮ್ಮಲ್ಲಿ ಹಲವರು ದಿಮ್ಮಿಯನ್ನು ಸಾಮಿಲ್ಲಿನಲ್ಲಿ ಸೀಳಿಸಿಕೊಂಡು ಬಂದು ಮುಂದಿನದನ್ನಷ್ಟೇ ಕೈಯಲ್ಲಿ ಮಾಡುತ್ತಾರೆ.

ಬಡಗಿಯ ಮಗ (ಹಾಸನ) ಅವರ ಉತ್ತರ:

ಸಾಣೆಕಲ್ಲು ಅವರು ಹೇಳಿದ ಸಾಣೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕಬ್ಬಿಣದ ಕೀಸುಳಿಯನ್ನೇ ಕೊಳ್ಳಬೇಕೆಂಬ ಸಲಹೆಗೆ ನನ್ನ ಒಪ್ಪಿಗೆ ಅರ್ಧದಷ್ಟು ಮಾತ್ರ. ನಮ್ಮ ತಂದೆಯವರು ಕೊನೆಯವರೆಗೂ ಬಳಸಿದ್ದು ಗಟ್ಟಿ ಮರದ ಒಡಲಿಗೆ ಉಕ್ಕಿನ ಬ್ಲೇಡನ್ನೂ ಬೆಣೆಯನ್ನೂ ಬಿಗಿದ ತೋಪಡವನ್ನೇ. ಅಂಗಡಿಯಲ್ಲಿ ಬ್ಲೇಡನ್ನು ಮಾತ್ರ ಕೊಂಡು, ಒಡಲನ್ನು ಬಳಗದ ಹಿರಿಯರ ಮಾರ್ಗದರ್ಶನದಲ್ಲಿ ತಾವೇ ಮಾಡಿಕೊಂಡರೆ ಖರ್ಚೂ ಕಡಿಮೆ, ಬ್ಲೇಡು ಯಾವ ಕೋನದಲ್ಲಿ ಏಕೆ ಕೂರಬೇಕೆಂಬುದೂ ಮನದಟ್ಟಾಗುತ್ತದೆ. ತಳ ಸವೆದರೆ ಅದನ್ನು ಮತ್ತೆ ಸಮ ಮಾಡಿಕೊಳ್ಳುವುದೂ ಕಬ್ಬಿಣಕ್ಕಿಂತ ಎಷ್ಟೋ ಸುಲಭ.

ಅಪಾರ್ಟ್‌ಮೆಂಟಿನ ಪ್ರಶ್ನೆಗೆ ನಮ್ಮ ಬಡಗಿಗಳ ಕೆಲಸದ ಕ್ರಮದಲ್ಲಿಯೇ ಉತ್ತರವಿದೆ. ಹಿಂದಿನಿಂದಲೂ ನಮ್ಮವರು ನೆಲದ ಮೇಲೆ ಕುಳಿತು, ತುಂಡನ್ನು ಪಾದಗಳಿಂದ ಒತ್ತಿ ಹಿಡಿದು ಕೆಲಸ ಮಾಡಿದವರು. ಸೊಂಟದೆತ್ತರದ ಭಾರವಾದ ಮೇಜು ಮತ್ತು ತುಂಡನ್ನು ಬಿಗಿದು ಹಿಡಿಯುವ ವೈಸ್ ಇಲ್ಲದೆ ಮರಗೆಲಸವೇ ಇಲ್ಲವೆಂಬ ಭಾವನೆ ಪಾಶ್ಚಾತ್ಯ ವಿಡಿಯೋಗಳನ್ನು ನೋಡಿ ಬಂದದ್ದು. ಸುಮಾರು ಒಂದೂವರೆ ಅಡಿ ಎತ್ತರದ ಉದ್ದನೆಯ ಬೆಂಚೊಂದಿದ್ದರೆ ಅದರ ಮೇಲೆಯೇ ಕುಳಿತು, ದೇಹದ ಭಾರದಿಂದಲೇ ಹಲಗೆಯನ್ನು ಹಿಡಿದಿಟ್ಟುಕೊಂಡು ಕೊಯ್ಯಬಹುದು, ಕೀಸಬಹುದು; ಕೆಲಸ ಮುಗಿದ ಮೇಲೆ ಮನೆಯವರು ಅದರ ಮೇಲೆ ಕುಳಿತುಕೊಳ್ಳಬಹುದು. ಕೀಸುವ ಸದ್ದು ಪಕ್ಕದ ಮನೆಗೂ ಕೇಳುವುದಿಲ್ಲ. ಕೊಡತಿಯಿಂದ ಉಳಿಯನ್ನು ಹೊಡೆಯುವ ಸದ್ದು ಮಾತ್ರ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಆದ್ದರಿಂದ ಗುಳಿ ಕೊರೆಯುವ ಕೆಲಸವನ್ನು ಬಳಗ ಸೇರುವ ದಿನಕ್ಕೆ ಉಳಿಸಿಕೊಂಡು, ಗುರುತು ಹಾಕುವುದು, ಕೊಯ್ಯುವುದು, ಹೆರೆಯುವುದು ಇವುಗಳನ್ನು ಮನೆಯಲ್ಲಿ ಮಾಡಿಕೊಳ್ಳಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ವಿಷಯ. ನಾನು ನೋಡಿದ ಹವ್ಯಾಸಿ ಬಳಗಗಳಲ್ಲಿ ವೈದ್ಯರಿದ್ದಾರೆ, ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಆದರೆ ಅದೇ ಬೀದಿಯಲ್ಲಿರುವ ಬಡಗಿ ಇಲ್ಲ. ವಿದ್ಯುತ್ ಯಂತ್ರಗಳೂ ಪ್ಲೈವುಡ್ಡೂ ಬರುವ ಮೊದಲು ಬಾಚಿ, ಉಳಿ, ಬೈರಿಗೆಗಳಿಂದಲೇ ಬಾಗಿಲ ಚೌಕಟ್ಟುಗಳನ್ನು ಕೂರಿಸಿದ, ಈಗ ಅರವತ್ತು ಎಪ್ಪತ್ತರ ವಯಸ್ಸಿನಲ್ಲಿರುವ ಕುಶಲಕರ್ಮಿಗಳು ನಮ್ಮ ಊರೂರಿನಲ್ಲಿ ಇನ್ನೂ ಇದ್ದಾರೆ. ಹಲಗೆಯ ಯಾವ ಮುಖ ಹೊರಗೆ ಬರಬೇಕು, ಎಳೆ ಯಾವ ಕಡೆಗೆ ಏರುತ್ತದೆ, ಯಾವ ಗಂಟನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಅವರು ಕೈಯಾಡಿಸಿಯೇ ಹೇಳುತ್ತಾರೆ. ಅಂಥವರನ್ನು ಬಳಗಕ್ಕೆ ಕರೆಯಿರಿ. ಕರೆದಾಗ ಆ ದಿನದ ಪೂರ್ತಿ ಕೂಲಿಯನ್ನು ಗೌರವದಿಂದ ಕೊಡಿ. ಅವರ ವಿದ್ಯೆಯನ್ನು ಫೋಟೋ ತೆಗೆದುಕೊಂಡು ಮೆಚ್ಚಿದರೆ ಸಾಲದು, ಅವರಿಂದ ತಿದ್ದಿಸಿಕೊಳ್ಳಬೇಕು. ನಮ್ಮ ತಂದೆಯವರಿಗೆ ಯಾರೂ ಇಂಥ ಅವಕಾಶ ಕೊಡಲಿಲ್ಲವೆಂಬ ನೋವು ನನಗಿದೆ. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಲೆನಾಡಿಗ (ತೀರ್ಥಹಳ್ಳಿ) ಅವರ ಉತ್ತರ:

ಮರದ ಬಗ್ಗೆ ನಾನು ಹೇಳುತ್ತೇನೆ. ಕಲಿಯುವ ದಿನಗಳಲ್ಲಿ ಸರಕು ಸಾಗಿಸುವ ಪೆಟ್ಟಿಗೆ ಮತ್ತು ಪ್ಯಾಲೆಟ್‌ಗಳ ಪೈನ್ ಮರ ಅಗ್ಗವಾಗಿ ಸಿಗುತ್ತದೆ, ಮೆತ್ತಗಿದ್ದು ತಪ್ಪುಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ವಿದೇಶದಿಂದ ಬಂದ ಪ್ಯಾಲೆಟ್‌ಗಳ ಮೇಲೆ ಸುಟ್ಟು ಒತ್ತಿದ ಮುದ್ರೆಯನ್ನು ಓದಿಕೊಳ್ಳಿ: ಎಚ್‌ಟಿ ಎಂದಿದ್ದರೆ ಮರವನ್ನು ಶಾಖದಿಂದ ಸಂಸ್ಕರಿಸಿದ್ದಾರೆ, ಬಳಸಬಹುದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಮನೆಗೆ ತರಬೇಡಿ.

ಮುಂದಿನ ಹಂತಕ್ಕೆ ಹಳೆಯ ಮನೆಗಳನ್ನು ಕೆಡವಿದಾಗ ಬರುವ ತೊಲೆ, ಬಾಗಿಲು, ಕಿಟಕಿಗಳ ಮರಕ್ಕೆ ಸಮನಾದದ್ದು ಇಲ್ಲ. ತೇಗ, ಹೊನ್ನೆ, ಮತ್ತಿ, ಹಲಸು ಯಾವುದಾದರೂ ಸರಿ, ದಶಕಗಳ ಕಾಲ ಒಣಗಿ ನೆಲೆನಿಂತ ಚೇಗು, ಅಂದರೆ ಮರದ ಗಟ್ಟಿಯಾದ ಒಳಭಾಗ, ಅದರಲ್ಲಿ ಸಿಗುತ್ತದೆ. ಒಳಗೆ ಮುರಿದುಳಿದ ಮೊಳೆಗಳಿರುವುದರಿಂದ ಅಯಸ್ಕಾಂತವನ್ನು ಆಡಿಸಿ ನೋಡದೆ ಕೀಸುಳಿ ಇಡಬಾರದು. ತೇಗದಲ್ಲಿ ಸಿಲಿಕಾದ ಅಂಶವಿರುವುದರಿಂದ ಅದು ಕೀಸಲು ಹಿತವಾಗಿದ್ದರೂ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಹೊನ್ನೆಯಲ್ಲಿ ಎಳೆಗಳು ಒಂದು ಪಟ್ಟಿಯಲ್ಲಿ ಒಂದು ದಿಕ್ಕಿಗೂ ಪಕ್ಕದ ಪಟ್ಟಿಯಲ್ಲಿ ಎದುರು ದಿಕ್ಕಿಗೂ ವಾಲಿರುವುದುಂಟು. ಹಾಗಾಗಿ ಯಾವ ಕಡೆಯಿಂದ ಕೀಸಿದರೂ ಅಲ್ಲಲ್ಲಿ ಕಿತ್ತುಬರುತ್ತದೆ. ಆಗ ಬ್ಲೇಡಿನ ಮೇಲಿರುವ ಚಿಪ್‌ಬ್ರೇಕರ್ ತಗಡನ್ನು ಅಂಚಿಗೆ ಅರ್ಧ ಮಿಲಿಮೀಟರಿಗಿಂತಲೂ ಹತ್ತಿರ ತಂದು, ಅತಿ ತೆಳುವಾಗಿ ಕೀಸಬೇಕು.

ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ, ಅಡ್ಡಕ್ಕೆ ಮಾತ್ರ ಗಣನೀಯ. ಹೆಚ್ಚಿನ ಮರಗಳಲ್ಲಿ ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟಿರುತ್ತದೆ. ಭಾರತೀಯ ಮಾನಕ ಐಎಸ್ 287 ದೇಶವನ್ನು ಹವೆಯ ತೇವಕ್ಕೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಮರದಲ್ಲಿ ಎಷ್ಟು ತೇವ ಇರಬಹುದೆಂದು ಬೇರೆ ಬೇರೆಯಾಗಿ ಹೇಳಿರುವುದು ಈ ಕಾರಣಕ್ಕೇ. ನಮ್ಮ ಕಡೆಯ ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ಹಲಗೆ ಮೈಸೂರಿನ ಮಾರ್ಚ್ ತಿಂಗಳಿನಲ್ಲಿ ಸಡಿಲವಾಗುತ್ತದೆ. ಆದ್ದರಿಂದ ಅಗಲವಾದ ಹಲಗೆಯನ್ನು ಚೌಕಟ್ಟಿನ ಕಾಲುವೆಯೊಳಗೆ ಅಂಟು ಹಾಕದೆ ಸಡಿಲವಾಗಿ ಬಿಡುವ ಪದ್ಧತಿಯನ್ನು ಮೊದಲೇ ಕಲಿತುಕೊಳ್ಳಿ. ಮಳೆಗಾಲದಲ್ಲಿ ಉಪಕರಣಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅದು ಅಂಟಾಗುತ್ತದೆ.

ಬೀಟೆಯ ತುಂಡು ಕೈಗೆ ಸಿಕ್ಕರೆ ಖರೀದಿಯ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವು 2017ರಿಂದ, ಅಪಾಯದಲ್ಲಿರುವ ಸಸ್ಯ ಮತ್ತು ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಅದರಿಂದ ಮಾಡಿದ್ದನ್ನು ವಿದೇಶದಲ್ಲಿರುವ ಬಂಧುಗಳಿಗೆ ಕಳಿಸುವ ಮೊದಲು ನಿಯಮಗಳನ್ನು ವಿಚಾರಿಸುವುದು ಅಗತ್ಯ. ಯಾವ ಮರವೆಂದೇ ತಿಳಿಯದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತಿಸಿಕೊಡುತ್ತಾರೆ.

ಹೊನ್ನೆಮರ (ಮೈಸೂರು):

ಮೂವರಿಗೂ ಕೃತಜ್ಞತೆಗಳು. ಬರುವ ಭಾನುವಾರ ನನ್ನ ಎರಡು ಉಳಿಗಳೊಂದಿಗೆ ಹೋಗುತ್ತೇನೆ. ನಮ್ಮ ಬಡಾವಣೆಯಲ್ಲಿ ವಯಸ್ಸಾದ ಬಡಗಿಯೊಬ್ಬರಿದ್ದಾರೆ, ಈಗ ಬಾಗಿಲು ರಿಪೇರಿ ಮಾತ್ರ ಮಾಡುತ್ತಾರೆ. ಅವರನ್ನು ಬಳಗಕ್ಕೆ ಕರೆಯುವುದಾದರೆ ಹೇಗೆ ಕೇಳುವುದು, ಯಾವುದರಿಂದ ಶುರು ಮಾಡಿಸುವುದು?

ಬಡಗಿಯ ಮಗ (ಹಾಸನ):

ಮೊದಲು ಬಳಗದವರ ಒಪ್ಪಿಗೆ ಪಡೆದು, ಕೂಲಿ ಎಷ್ಟೆಂದು ನಿಶ್ಚಯಿಸಿಕೊಂಡು ಹೋಗಿ. ಉಳಿಯನ್ನು ಅವರ ಕೈಗೆ ಕೊಟ್ಟು, ಹದ ಸರಿಯಿದೆಯೇ ನೋಡಿ ಎಂದು ಕೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ. ಪಾಠ ಮಾಡಿ ಎಂದು ಕೇಳಬೇಡಿ. ಒಂದು ಸಲಕ್ಕೆ ಒಂದೇ ಜೋಡಣೆಯನ್ನು ಅವರು ಮಾಡಲಿ, ನೀವೆಲ್ಲ ಪಕ್ಕದಲ್ಲಿ ಅದನ್ನೇ ಮಾಡಿ. ಎರಡು ತುಂಡುಗಳ ಅರ್ಧರ್ಧ ದಪ್ಪವನ್ನು ಕೊರೆದು ಒಂದರ ಮೇಲೊಂದು ಕೂರಿಸುವ ಜೋಡಣೆಯಿಂದ ಶುರು ಮಾಡಿ, ಎರಡನೆಯ ಸಲಕ್ಕೆ ಒಂದು ತುಂಡಿನಲ್ಲಿ ಗುಳಿ ಕೊರೆದು ಇನ್ನೊಂದರ ತುದಿಯಲ್ಲಿ ಮಾಡಿದ ನಾಲಿಗೆಯನ್ನು ಅದರೊಳಗೆ ಕೂರಿಸುವ ಮಾರ್ಟೈಸ್-ಟೆನನ್ ಜೋಡಣೆ ಇಟ್ಟುಕೊಳ್ಳಿ. ಗುಳಿಯ ಅಗಲ ತುಂಡಿನ ದಪ್ಪದ ಸುಮಾರು ಮೂರನೆಯ ಒಂದು ಭಾಗವಿರಬೇಕು, ಆದರೆ ಲೆಕ್ಕಕ್ಕಿಂತ ಕೈಯಲ್ಲಿರುವ ಉಳಿಯ ಅಗಲವೇ ಮುಖ್ಯ. ಒಂದೂವರೆ ಇಂಚಿನ ತುಂಡಿಗೆ ಅರ್ಧ ಇಂಚಿನ ಉಳಿ ಸರಿಹೋಗುತ್ತದೆ. ಗುಳಿಯನ್ನು ಮೊದಲು ಕೊರೆದು, ಅದಕ್ಕೆ ತಕ್ಕಂತೆ ನಾಲಿಗೆಯನ್ನು ಗೆರೆಗಿಂತ ಕೂದಲೆಳೆಯಷ್ಟು ದಪ್ಪಗೆ ಬಿಟ್ಟು ಕೊಯ್ದು, ಉಳಿಯಿಂದ ಸ್ವಲ್ಪ ಸ್ವಲ್ಪವೇ ಹೆರೆದು ಕೂರಿಸಿ.