ಕತ್ತಿನ ರಕ್ತನಾಳ ಒಳಗ ಹರಿದೈತಂತ, ರಕ್ತ ತೆಳು ಮಾಡೋ ಗುಳಿಗಿ ಯಾಕ?

ಗಂಗಾವತಿ ಹುಡುಗ:
ನಮಸ್ಕಾರ್ರಿ. ನಮ್ಮಣ್ಣಗ 36, ಬಿಪಿ ಶುಗರ್ ಏನಿಲ್ಲ, ರೈಸ್ ಮಿಲ್ಲಿನಾಗ ಚೀಲ ಹೊರ್ತಾನ. ಹೋದ ತಿಂಗಳ ಕಟಿಂಗ್ ಆದಮ್ಯಾಲ ಕುತ್ತಿಗಿ ಲಟಿಕಿ ಮುರಿಸ್ಕೊಂಡು ಬಂದ, ಎರಡ್ಮೂರು ದಿನಕ್ಕ ಎಡಗಡಿ ಕುತ್ತಿಗಿಂದ ಕಣ್ಣಿನ ಹಿಂದಿನ ತನಕ ಒಂದ ಸಮ ನೋವು, ನಾವು ಉಳುಕು ಅಂತ ಎಣ್ಣಿ ತಿಕ್ಕಿ ಉಪ್ಪಿನ ಶಾಖ ಕೊಟ್ಕೋತ ಕುಂತ್ವಿ. ಆಮ್ಯಾಲ ಎಡಗಣ್ಣಿನ ರೆಪ್ಪಿ ಜೋತು ಬಿತ್ತು. ಹೆದ್ರಿ ಬಳ್ಳಾರಿಗೆ ಹೋದ್ರ ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಮಾಡಿ ಕೆರೋಟಿಡ್ ಡಿಸೆಕ್ಷನ್, ಅಂದ್ರ ಮಿದುಳಿಗೆ ರಕ್ತ ಒಯ್ಯೋ ಕುತ್ತಿಗಿ ಮುಂದಿನ ನಾಳ ಒಳಗ ಸೀಳೇತಿ ಅಂದ್ರು, ಆಪರೇಷನ್ ಬ್ಯಾಡ ಅಂತ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬರದಾರ. ಹರಿದ ನಾಳಕ್ಕ ರಕ್ತ ತೆಳು ಮಾಡಿದ್ರ ಇನ್ನೂ ಸೋರಂಗಿಲ್ಲೇನ್ರಿ? ಅವ್ವ ಗುಳಿಗಿ ನುಂಗಾಕ ಬಿಡವಲ್ಲಳು.

ಐಸಿಯು ನರ್ಸ್ ಕೊಪ್ಪಳ:
ಅವ್ವಗ ಎಡದಂಡಿ ಕಾಲುವಿ ಲೆಕ್ಕದಾಗ ಹೇಳ್ರಿ. ಕಾಲುವಿ ಒಡದಿಲ್ಲ, ಒಳಗಿನ ಲೈನಿಂಗ್ ಬಿರುಕು ಬಿಟ್ಟು ನೀರು ಅದರ ಹಿಂದ ನುಗ್ಗೇತಿ, ಲೈನಿಂಗ್ ಉಬ್ಬಿ ದಾರಿ ಸಣ್ಣ ಆಗೇತಿ. ಹೊರಗ ಸೋರೋದಲ್ಲ ಇಲ್ಲಿ ಭಯ, ಆ ಬಿರುಕಿನ ಜಾಗದಾಗ ರಕ್ತ ಹೆಪ್ಪುಗಟ್ಟಿ ಚೂರು ಕಿತ್ತು ಮಿದುಳಿಗೆ ಹೋದ್ರ ಸ್ಟ್ರೋಕ್. ಗುಳಿಗಿ ರಕ್ತ ನೀರು ಮಾಡಂಗಿಲ್ಲ, ಹೆಪ್ಪು ಕಟ್ಟೋದನ್ನ ತಡೀತೈತಿ ಅಷ್ಟ. ಸೀಳು ತಲಿಬುರುಡಿ ಒಳಗ ಹೋಗಿದ್ರ ಲೆಕ್ಕ ಬ್ಯಾರೆ, ಅದನ್ನ ಸ್ಕ್ಯಾನ್ ನೋಡಿದ ಡಾಕ್ಟರ್ನ ಕೇಳ್ರಿ. ಕೆಲವರಿಗೆ ಆಸ್ಪಿರಿನ್ ಬದ್ಲಿ ಹೆಪಾರಿನ್, ವಾರ್ಫರಿನ್ ಅನ್ನೋ ಬ್ಯಾರೆ ತರದ ಹೆಪ್ಪು ತಡಿಯೋ ಔಷಧ ಕೊಡ್ತಾರ, 2015ರಾಗ ಬಂದ ಕ್ಯಾಡಿಸ್ ಸ್ಟಡಿಯಾಗ 250 ಮಂದಿನ ಎರಡು ಗುಂಪು ಮಾಡಿ ಒಂದೊಂದಕ್ಕ ಒಂದೊಂದು ತರ ಔಷಧ ಕೊಟ್ಟು ನೋಡಿದ್ರು, ದೊಡ್ಡ ಫರಕ ಸಿಗಲಿಲ್ಲ. ಗುಳಿಗಿ ಸಾಮಾನ್ಯಕ್ಕ 3ರಿಂದ 6 ತಿಂಗಳು, ಆಮ್ಯಾಲ ಮತ್ತ ಸ್ಕ್ಯಾನ್, ಭಾಳ ಮಂದಿಗೆ ನಾಳ ತಾನ ಕೂಡ್ಕೋತೈತಿ. ಸ್ಟೆಂಟ್ ಅಪರೂಪಕ್ಕ.

ರೆಪ್ಪಿ ಜೋತು ಬಿದ್ದ ಕಣ್ಣಿನ ಗೊಂಬಿ ಸಣ್ಣ ಆಗೇತೇನು? ಕೆರೋಟಿಡ್ ಗೋಡಿಗೆ ಹತ್ತಿ ಹೋಗೋ ನರ ಒತ್ತಿದ್ರ ಹಂಗ ಆಗತೈತಿ, ಹಾರ್ನರ್ ಅಂತಾರ.

ಸಿಂಧನೂರು ಮಾಮಾ:
ನಮ್ಮೂರಾಗ ನರ ಕೂಡ್ಸೋರು ಅದಾರ, ಒಂದ್ಸಲ ತಿಕ್ಕಿಸಿ ನೋಡ್ರಿ, ಮೂರ ಪಟ್ಟಿಗೆ ಆರಾಮ.

ಐಸಿಯು ನರ್ಸ್ ಕೊಪ್ಪಳ:
ಮಾಮಾ ಕೈ ಮುಗೀತೀನಿ ಸುಮ್ನಿರ್ರಿ. ಆ ಕುತ್ತಿಗಿಗೆ ಯಾರೂ ಕೈ ಹಚ್ಚಬಾರ್ದು.

ಹೊಸಪೇಟೆ ರೋಡ್:
ನನಗ ಹಿಂದಿನ ನಾಳ, ವರ್ಟೆಬ್ರಲ್ ಹರಿದಿತ್ತು. ಕಣ್ಣಿಗೇನೂ ಆಗ್ಲಿಲ್ಲ, ಹೆಡಕಿನಾಗ ಜೀವಮಾನದಾಗ ಕಾಣದ ನೋವು, ಆಮ್ಯಾಲ ತಲಿ ಗಿರ್ ಅಂತ ತಿರುಗಿ ಒಂದು ಲೈಟ್ ಎರಡು ಕಂಡು ವಾಂತಿ. ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು ಒಂದು ಕಡೆ! ನಾನು ಯಾವ ಲಟಿಕಿನೂ ಮುರಿಸಿದ್ದಿಲ್ಲ, ಜೋರ್ ಕೆಮ್ಮು ಇತ್ತು ಅಷ್ಟ.

ಐಸಿಯು ನರ್ಸ್ ಕೊಪ್ಪಳ:
ಕೆಮ್ಮು, ಸೀನಿಗೂ ಆಗತೈತಿ, ಕಾರಣ ಸಿಗದೇ ಇರೋವೂ ಅದಾವು. ಇನ್ನೊಂದು, ಕಟಿಂಗ್ ಅಂಗಡಿಯವನ ಮ್ಯಾಲ ಜಗಳಕ್ಕ ಹೋಗಬ್ಯಾಡ್ರಿ, ಮೊದ್ಲ ಸೀಳು ಬಿಟ್ಟು ನೋವಿಗೆ ಅಂತ ಲಟಿಕಿ ಮುರಿಸ್ಕೊಳ್ಳಾಕ ಹೋದೋರೂ ಇರ್ತಾರ.

ಗಂಗಾವತಿ ಹುಡುಗ:
ಗೊಂಬಿ ಸಣ್ಣ ಐತ್ರಿ, ಈಗ ಬ್ಯಾಟರಿ ಹಿಡಿದು ನೋಡಿದ್ವಿ. ಕಾಲುವಿ ಲೆಕ್ಕ ಅವ್ವಗ ತಿಳೀತು, ರಾತ್ರಿ ತಾನ ನೀರು ತಂದು ಕೊಟ್ಲು. ಚೀಲ ಯಾವಾಗಿಂದ ಹೊರಬಹುದು?

ಐಸಿಯು ನರ್ಸ್ ಕೊಪ್ಪಳ:
ಮುಂದಿನ ಸ್ಕ್ಯಾನ್ ತನಕ ಬ್ಯಾಡ. ನಡುವ ಬಾಯಿ ಸೊಟ್ಟ, ಕೈ ಜೋತು, ಮಾತು ತೊದಲಿದ್ರ ಟೈಮ್ ನೋಡ್ಕೊಂಡು 108ಕ್ಕ ಫೋನ್ ಹಚ್ರಿ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಾಕ ನಾಲ್ಕೂವರೆ ತಾಸು ಅಷ್ಟ ಸಿಗೋದು.