ಹಿತ್ತಲಲ್ಲಿ ಚಾರೋಳಿ: ಬೀಜ ಮೊಳೀತಾ ಇಲ್ಲ, ಎಲ್ಲಿ ತಪ್ಪಿದೆ?

ಕೆಮ್ಮಣ್ಣು:
ಧಾರವಾಡದ ಹತ್ತಿರ, ಮನೆ ಹಿಂದೆ ಮೂರು ಗುಂಟೆ ಜಾಗ. ಕೆಂಪು ಮಣ್ಣು, ನೀರು ನಿಲ್ಲಲ್ಲ. ಗೋಡಂಬಿ ಬೇಡ, ನಮ್ಮ ಕಾಡಿನದೇ ಬೀಜದ ಮರ ಇರಲಿ ಅಂತ ಚಾರೋಳಿ ಆರಿಸಿದ್ದು. ಕಿರಾಣಿ ಅಂಗಡಿಯ ಚಾರೋಳಿ ಹಾಕಿದರೆ ಕೊಳೆತುಹೋಯಿತು. ಚಿಪ್ಪು ಸಮೇತ ಇದ್ದ 30 ಬೀಜ ಹಾಕಿ ಎರಡು ತಿಂಗಳಾಯಿತು, ಒಂದೂ ಎದ್ದಿಲ್ಲ. ಬಿಸಿನೀರಲ್ಲಿ ನೆನೆಸಬೇಕಿತ್ತಾ? ಜೊತೆಗೆ ಕೇರು, ಪೀನಾರಿ ಹಾಕಬಹುದಾ?

ಬೀಸುಕಲ್ಲು:
ಅಂಗಡಿಯದು ಚಿಪ್ಪು ಒಡೆದು ತೆಗೆದ ತಿರುಳು. ಒಡೆಯುವಾಗಲೇ ಪೆಟ್ಟು ತಿಂದಿರುತ್ತೆ, ಹಳೆಯದೂ ಆಗಿರುತ್ತೆ. ಅದು ಪಾಯಸಕ್ಕೆ ಮಾತ್ರ. ಚಿಪ್ಪಿನ ಬೀಜ ಏಳದಿರೋದಕ್ಕೆ ಕಾರಣ ಚಿಪ್ಪೇ. ಕಲ್ಲಿನಷ್ಟು ಗಟ್ಟಿ, ಒಳಗಿನ ಮೊಳಕೆಗೆ ಅದನ್ನು ಸೀಳುವ ಶಕ್ತಿ ಇಲ್ಲ. ಕುದಿಯುವ ನೀರು ಹಾಕಿದರೆ ಚಿಪ್ಪು ಹಾಗೇ ಉಳಿದು ತಿರುಳು ಸಾಯುತ್ತೆ.

ಹೀಗೆ ಮಾಡಿ. ಏಪ್ರಿಲ್–ಮೇ ಹೊತ್ತಿಗೆ ಹಣ್ಣಾಗಿ ಕಪ್ಪಾದ, ಆ ವರ್ಷದ್ದೇ ಬೀಜ ತನ್ನಿ. ಸಿಪ್ಪೆ ಉಜ್ಜಿ ತೊಳೆದು ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ. ಬೀಜ ಬೇಳೆಯ ಹಾಗೆ ಚಪ್ಪಟೆ. ಅಂಚಿನ ಸುತ್ತ ಎರಡು ಹೋಳು ಕೂಡುವ ಸಣ್ಣ ಗೆರೆ ಕಾಣುತ್ತೆ. ಆ ಅಂಚು ಮೇಲೆ ಬರುವಂತೆ ಇಕ್ಕಳದಲ್ಲಿ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ‘ಟಿಕ್’ ಅಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ಹೋಳು ಬಿಚ್ಚಿ ತಿರುಳು ಕಂಡರೆ ಇರುವೆಗೋ ಬೂಸ್ಟಿಗೋ ಹೋಗುತ್ತೆ. ಮೊದಲ ಐದಾರು ಬೀಜ ಹಾಳಾಗೇ ಆಗುತ್ತವೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬಿರುಕು ಬಿಟ್ಟದ್ದನ್ನು ತಣ್ಣೀರಲ್ಲಿ 24 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಸಸಿ ಎಬ್ಬಿಸುವ ಚೀಲಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಗೊಬ್ಬರ. ಬೆರಳಿನ ಅರ್ಧ ಗೆಣ್ಣಿನಷ್ಟೇ ಆಳ. ಮಣ್ಣು ತೇವ ಇರಬೇಕು, ಕೆಸರಾಗಬಾರದು.

ತಾಯಿಬೇರು:
ಮೇಲಿನದೆಲ್ಲ ಸರಿ, ಆದರೆ ಚೀಲದ ಉದ್ದ ಬರೆದಿಲ್ಲ. ಗಿಡ ಮೇಲೆ ನಾಲ್ಕು ಬೆರಳು ಇರುವಾಗಲೇ ಕೆಳಗೆ ತಾಯಿಬೇರು ಎಷ್ಟೋ ಆಳಕ್ಕೆ ಇಳಿದಿರುತ್ತೆ. ಗಿಡ್ಡ ಚೀಲದಲ್ಲಿ ಅದು ತಳ ಮುಟ್ಟಿ ಸುರುಳಿ ಸುತ್ತುತ್ತೆ. ನೆಟ್ಟ ಮೇಲೆ ಒಂದೆರಡು ವರ್ಷ ಹಸಿರಾಗೇ ಇದ್ದು ಬೇಸಿಗೆಯಲ್ಲಿ ಒಣಗುವ ಗಿಡ ಕಿತ್ತು ನೋಡಿ, ಹೆಚ್ಚಾಗಿ ಇದೇ ಕಥೆ. ಕನಿಷ್ಠ 12 ಇಂಚು ಆಳದ ಚೀಲ ಬೇಕು.

ಜಾಗ ನಿಮ್ಮದೇ ಆದ್ದರಿಂದ ನನ್ನ ಮತ ನೇರ ಬಿತ್ತನೆಗೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಅದೇ ಮಣ್ಣಿಗೆ ಒಂದು ಬುಟ್ಟಿ ಗೊಬ್ಬರ, ಗೆದ್ದಲು ಇದ್ದರೆ ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ಮುಚ್ಚಿ. ಮಣ್ಣು ಕುಸಿಯಲು ಎರಡು ಮಳೆ ಬಿಟ್ಟು, ಬಿರುಕು ಬಿಟ್ಟ ಮೂರು ಬೀಜ ಹಾಕಿ, ಗಟ್ಟಿಯಾದ ಒಂದನ್ನು ಉಳಿಸಿ. ಮೇಲೆ ತಂತಿ ಜಾಲರಿ ಮಗುಚಿ, ಇಲ್ಲದಿದ್ದರೆ ಅಳಿಲು ಬಿಡಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು. ತರಗೆಲೆ ಮುಚ್ಚಿಗೆ ಬುಡಕ್ಕೆ ತಾಗದಿರಲಿ. ಗೋಡೆಯಿಂದ 15 ಅಡಿಯಾದರೂ ದೂರ, ಮರದಿಂದ ಮರಕ್ಕೆ 25 ಅಡಿ.

ಕೆಮ್ಮಣ್ಣು:
ಹಣ್ಣಿಗೆ ಎಷ್ಟು ವರ್ಷ ಕಾಯಬೇಕು? ಕೇರಿನ ಬಗ್ಗೆ ಯಾರೂ ಹೇಳಲಿಲ್ಲ.

ಬೀಸುಕಲ್ಲು:
ಬೀಜದ ಗಿಡಕ್ಕೆ ಎಂಟು–ಹತ್ತು ವರ್ಷ, ಅವಸರ ಇದ್ದವರ ಮರ ಅಲ್ಲ. ಕಸಿ ಗಿಡ ಸಿಕ್ಕರೆ ಅದರ ಅರ್ಧ. ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಮಾತ್ರ ಚಿವುಟುತ್ತಲೇ ಇರಬೇಕು.

ಕೇರು ಮನೆ ಹತ್ತಿರ ಬೇಡ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಕಾಯಿಯ ಎಣ್ಣೆಯಿಂದಲೇ, ಮೈಗೆ ತಾಗಿದರೆ ಬೊಕ್ಕೆ ಏಳುತ್ತೆ. ಮಕ್ಕಳಿದ್ದರಂತೂ ಬೇಡವೇ ಬೇಡ. ಪೀನಾರಿ ಬೀಜ ಹುರಿದು ತಿನ್ನಬಹುದು, ನಿಜ. ಹೂವಿನ ನಾತಕ್ಕೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ.

ತಾಯಿಬೇರು:
ಕೊಯ್ಲಿಗೆ ಕೊಂಬೆ ಕಡಿಯಬೇಡಿ, ಕಾಡಿನಲ್ಲಿ ಈ ಮರ ಕಡಿಮೆಯಾಗಿದ್ದಕ್ಕೆ ಅದೂ ಒಂದು ಕಾರಣ. ಕಪ್ಪಾದ ಹಣ್ಣು ರಾತ್ರಿ ನೆನೆಸಿ, ಗೋಣಿತಾಟಿನ ಮೇಲೆ ಉಜ್ಜಿ, ಬಿಸಿಲಲ್ಲಿ ಒಣಗಿಸಿ. ಒಡೆಯಲು ಬೀಸುಕಲ್ಲು ಸಾಕು, ಎರಡು ಕಲ್ಲಿನ ನಡುವೆ ಸಂದು ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ತಿರುಳು ನುಚ್ಚಾಗುತ್ತೆ. ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ, ಬೇಗ ಮುಗ್ಗುತ್ತೆ. ಬೇಕಾದಾಗ ಬೇಕಾದಷ್ಟೇ ಒಡೆದು, ಉಳಿದದ್ದು ಚಿಪ್ಪಿನಲ್ಲೇ ಇರಲಿ.