ಕೆನೆತ್ ಕ್ಲಾರ್ಕ್‌ಗೆ ಪಕ್ಷದ ನಾಯಕತ್ವ ಏಕೆ ದಕ್ಕಲಿಲ್ಲ?

ಪ್ರಶ್ನೆ: 1970ರಿಂದ 2019ರವರೆಗೆ ಬ್ರಿಟನ್ನಿನ ಸಂಸತ್ತಿನಲ್ಲಿ ರಶ್‌ಕ್ಲಿಫ್ ಕ್ಷೇತ್ರವನ್ನು ಪ್ರತಿನಿಧಿಸಿ, ಆರೋಗ್ಯ, ಶಿಕ್ಷಣ, ಗೃಹ, ಹಣಕಾಸು ಖಾತೆಗಳನ್ನೆಲ್ಲ ನಿಭಾಯಿಸಿದ ಕ್ಲಾರ್ಕ್ ಅವರನ್ನು ಕನ್ಸರ್ವೇಟಿವ್ ಪಕ್ಷ ನಾಯಕರನ್ನಾಗಿ ಒಪ್ಪಲಿಲ್ಲವೇಕೆ?

ಉತ್ತರ 1: ಯುರೋಪಿನ ಪರವಾದ ನಿಲುವೇ ಅವರಿಗೆ ಮುಳುವಾಯಿತು. 1997, 2001, 2005ರಲ್ಲಿ ಸ್ಪರ್ಧಿಸಿ ಮೂರು ಬಾರಿಯೂ ಸೋತರು. 2001ರಲ್ಲಂತೂ ಸಂಸದರ ಕೊನೆಯ ಸುತ್ತಿನ ಮತದಾನದಲ್ಲಿ ಮುಂದಿದ್ದರೂ ಪಕ್ಷದ ಸಾಮಾನ್ಯ ಸದಸ್ಯರು ಇಯಾನ್ ಡಂಕನ್ ಸ್ಮಿತ್ ಅವರನ್ನು ಆರಿಸಿದರು.

ಉತ್ತರ 2: ಅಷ್ಟಾದರೂ ಅವರು ಪಟ್ಟು ಸಡಿಲಿಸಲಿಲ್ಲ ಎಂಬುದೇ ನನಗೆ ಮೆಚ್ಚುಗೆಯ ಸಂಗತಿ. 2017ರ ಫೆಬ್ರುವರಿಯಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ) ಪ್ರಕ್ರಿಯೆಗೆ ಚಾಲನೆ ನೀಡುವ ಮಸೂದೆಯ ವಿರುದ್ಧ ಮತ ಹಾಕಿದ ಏಕೈಕ ಕನ್ಸರ್ವೇಟಿವ್ ಸಂಸದ ಅವರೇ.

ಉತ್ತರ 3: ಬಜೆಟ್ ಭಾಷಣದ ನಡುವೆಯೇ ಲೋಟದಿಂದ ವಿಸ್ಕಿ ಹೀರುತ್ತಿದ್ದ ಮನುಷ್ಯ, ಯಾರ ಮರ್ಜಿಯನ್ನೂ ಕಾಯುವವರಾಗಿರಲಿಲ್ಲ.